ನೀರಿನಿಂದ ಹಲಗೆಗೆ ಎಷ್ಟು ಇಂಚು?

ರೋಣ, ನರಗುಂದ, ಗಜೇಂದ್ರಗಡ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಎರೆಹೊಲ, ಬಿಳಿಜೋಳ, ಕಡಲೆ, ಹತ್ತಿ. ಇಂಥ ಬಯಲಿನಲ್ಲಿ ದೋಣಿಯ ಮಾತು ಯಾರಿಗೆ ಬೇಕು ಎಂದು ಕೇಳುವವರು ನರಗುಂದ ತಾಲ್ಲೂಕಿನ ಕೊಣ್ಣೂರಿನಿಂದ ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿಯವರೆಗೆ ಮಲಪ್ರಭೆಯ ದಂಡೆ ಹಿಡಿದು ಒಮ್ಮೆ ಬರಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಈ ಹೊಳೆ ಗದಗ ಜಿಲ್ಲೆಯ ಬಡಗಣ ಅಂಚನ್ನು ತೊಳೆದುಕೊಂಡೇ ಪಟ್ಟದಕಲ್ಲು, ಐಹೊಳೆಗಳತ್ತ ಹೋಗುತ್ತದೆ. ಮೆಣಸಗಿಯ ಬಳಿ ಬೆಣ್ಣೆಹಳ್ಳ ಬಂದು ಕೂಡುತ್ತದೆ. ಈ ನೀರನ್ನೇ ನಂಬಿ ಬಲೆ ಬೀಸುವ ಅಂಬಿಗರ ಮನೆಗಳಿವೆ. ಮೇಲೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ 37.73 ಟಿಎಂಸಿ ಹಿಡಿಯುವ ಜಲಾಶಯವಿದೆ. ಅದರ ಕಾಲುವೆಯ ನೀರು ನರಗುಂದದ ಹೊಲಗಳಿಗೆ ಬರುತ್ತದೆ, ಅದರ ಹಿನ್ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್ ಬೆಳೆಯುತ್ತವೆ.

ಈ ನೀರಿನಲ್ಲಿ ಇಂದಿಗೂ ಹೆಚ್ಚಾಗಿ ಓಡಾಡುವುದು ಹರಿಗೋಲು, ಅದನ್ನು ನಡೆಸುವುದು ಹುಟ್ಟು ಮತ್ತು ತೋಳಿನ ಬಲ. ಆದರೆ ಬ್ಯಾಟರಿಯಿಂದ ಓಡುವ ಸಣ್ಣ ದೋಣಿ ಮೋಟಾರುಗಳು ಈಗ ಮೊಬೈಲಿನಲ್ಲೇ ಕಾಣುತ್ತವೆ, ಮನೆ ಬಾಗಿಲಿಗೇ ಬರುತ್ತವೆ. ಪೆಟ್ರೋಲ್ ಬೇಡ, ಸದ್ದಿಲ್ಲ, ಹೊಗೆಯಿಲ್ಲ. ಭುಜ ಸೋತ ಹಿರಿಯ ಅಂಬಿಗನಿಗೆ ಅದೊಂದು ದೊಡ್ಡ ಆಸರೆ ಆಗಬಲ್ಲದು. ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಎರಡು: ಎಷ್ಟು ಪೌಂಡ್ ಒತ್ತಿನದು, ಎಷ್ಟು ರೂಪಾಯಿ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ಶಾಫ್ಟು ಎಷ್ಟು ಉದ್ದ? ಮೋಟಾರು ದೋಣಿಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸುವುದು ಆ ಮೂರನೆಯ ಪ್ರಶ್ನೆ. ಅದಕ್ಕೆ ಉತ್ತರ ಅಂಗಡಿಯವನ ಬಳಿ ಇರುವುದಿಲ್ಲ, ನಿಮ್ಮ ದೋಣಿಯ ಬಳಿ ಇರುತ್ತದೆ.

ಮೊದಲು ಯಂತ್ರವನ್ನು ನೋಡೋಣ. ಮೇಲೊಂದು ತಲೆ, ಅದರಲ್ಲಿ ವೇಗ ಹೆಚ್ಚುಕಡಿಮೆ ಮಾಡುವ ಹಿಡಿ. ಕೆಳಗೆ ನೀರಿನೊಳಗೆ ಮುಳುಗಿರುವ ಮೋಟಾರು, ಅದಕ್ಕೇ ಸೇರಿದ ಫ್ಯಾನು, ಅಂದರೆ ಪ್ರೊಪೆಲ್ಲರ್. ಎರಡನ್ನೂ ಜೋಡಿಸುವ ಉದ್ದನೆಯ ಕೊಳವೆಯೇ ಶಾಫ್ಟು. ಒಳಗೆ ತಂತಿ ಹಾಯ್ದಿರುತ್ತದೆ. ನಡುವೆ ಎಲ್ಲೋ ಒಂದು ಕಡೆ ಕ್ಲಾಂಪು ಅದನ್ನು ದೋಣಿಯ ಹಲಗೆಗೆ ಕಚ್ಚಿ ಹಿಡಿಯುತ್ತದೆ. ಇದೇನೂ ಹೊಸ ಸೋಜಿಗವಲ್ಲ. 1881ರ ಮೇ ತಿಂಗಳಲ್ಲೇ ಫ್ರಾನ್ಸಿನ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ವಿದ್ಯುತ್ ಮೋಟಾರಿನ ದೋಣಿ ಓಡಿಸಿ ತೋರಿಸಿದ್ದರು. ಮೀನುಗಾರರು ಈಗ ಬಳಸುವ ಬಗೆಯದು ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋ ಊರಿನಿಂದ ಬಂತು. ಅಲ್ಲಿ 1934ರಲ್ಲಿ ಒ. ಜಿ. ಶ್ಮಿಟ್ ಎಂಬವರು ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿಗೆ ಶಾಫ್ಟು, ಫ್ಯಾನು ಕೂಡಿಸಿ ಮಾಡಿದ ಯಂತ್ರವೇ ಮುಂದೆ ಮಿನ್‌ಕೋಟಾ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಹರಡಿತು. ಮೀನನ್ನು ಬೆದರಿಸದೆ ಮೆಲ್ಲಗೆ ಸಾಗಬೇಕು, ಗಾಳಿಗೆ ಕೊಚ್ಚಿಹೋಗದೆ ಒಂದೇ ಕಡೆ ನಿಲ್ಲಬೇಕು. ಇದರ ಕೆಲಸ ಇಷ್ಟೇ. ವೇಗ ಇದರಿಂದ ನಿರೀಕ್ಷಿಸಬಾರದು.

ಇನ್ನು ಉದ್ದ ಏಕೆ ಮುಖ್ಯ ಎಂಬುದಕ್ಕೆ ಬರೋಣ. ಹಳ್ಳಕ್ಕೋ ಕಾಲುವೆಗೋ ಪಂಪ್‌ಸೆಟ್ ಇಟ್ಟ ನರಗುಂದದ ಯಾವ ರೈತನಿಗಾದರೂ ಇದು ಅರ್ಧ ಗೊತ್ತೇ ಇದೆ. ಪೈಪಿನ ತುದಿಯ ಫುಟ್‌ವಾಲ್ವ್ ನೀರಿನ ಮೇಲ್ಮೈಗೆ ತೀರ ಹತ್ತಿರ ಬಂದರೆ ಏನಾಗುತ್ತದೆ? ನೀರಿನ ಮೇಲೆ ಸಣ್ಣ ಸುಳಿಯೊಂದು ತಿರುಗತೊಡಗುತ್ತದೆ. ಸುಳಿಯ ನಡುವಿನ ತೂತು ಕೆಳಗಿಳಿಯುತ್ತಾ ಇಳಿಯುತ್ತಾ ಫುಟ್‌ವಾಲ್ವ್ ಮುಟ್ಟುತ್ತದೆ, ಪಂಪು ಗಾಳಿ ಎಳೆದುಕೊಳ್ಳುತ್ತದೆ, ನೀರು ಬಿಡುತ್ತದೆ. ಇಂಜಿನ್ನಿನ ಸದ್ದು ಹಗುರಾಗಿ ಏರಿದ್ದನ್ನು ದೂರದ ಬದುವಿನ ಮೇಲೆ ನಿಂತಿದ್ದರೂ ರೈತ ಕಿವಿಯಿಂದಲೇ ತಿಳಿಯುತ್ತಾನೆ. ದೋಣಿಯ ಫ್ಯಾನು ಮಾಡುವುದೂ ಇದನ್ನೇ. ತಿರುಗುವ ಎಲೆಗಳ ಒಂದು ಮಗ್ಗುಲಲ್ಲಿ ಒತ್ತಡ ಕುಸಿಯುತ್ತದೆ. ಆ ಕುಸಿದ ಜಾಗಕ್ಕೆ ನೀರು ನುಗ್ಗಬೇಕು. ಫ್ಯಾನು ಮೇಲ್ಮೈಗೆ ಹತ್ತಿರವಿದ್ದರೆ ನೀರಿಗಿಂತ ಮೊದಲು ಗಾಳಿ ನುಗ್ಗುತ್ತದೆ. ಗಾಳಿ ನೀರಿನಷ್ಟು ಭಾರವಲ್ಲ, ಅದನ್ನು ಹಿಂದಕ್ಕೆ ತಳ್ಳಿದರೆ ದೋಣಿಗೆ ಮುಂದಕ್ಕೆ ಒತ್ತು ಸಿಗುವುದಿಲ್ಲ. ಫ್ಯಾನು ಬರಿದೇ ಗಿರಗಿರ ತಿರುಗುತ್ತದೆ, ನೊರೆ ಏಳುತ್ತದೆ, ಸದ್ದು ಏರುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಹತ್ತಿರವಿದ್ದ ಮೀನೂ ಓಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಈ ಮೋಟಾರು ತಂಪಾಗುವುದು ಸುತ್ತಲಿನ ನೀರಿನಿಂದಲೇ. ಮತ್ತೆ ಮತ್ತೆ ನೀರಿನ ಮೇಲೆ ಬಂದು ತಿರುಗುವ ಮೋಟಾರಿಗೆ ಆಯುಸ್ಸು ಕಡಿಮೆ.

ಹಾಗಾಗಿ ಫ್ಯಾನಿನ ಎಲೆಯ ಮೇಲ್ತುದಿ ನೀರಿನ ಮೇಲ್ಮೈಯಿಂದ ಕಡಿಮೆಯೆಂದರೂ ಒಂದು ಗೇಣು ಕೆಳಗಿರಬೇಕು. ಗೇಣೆಂದರೆ ಸುಮಾರು 9 ಇಂಚು. ಇದೊಂದನ್ನು ನೆನಪಿಟ್ಟರೆ ಉಳಿದ ಲೆಕ್ಕವೆಲ್ಲ ಇದರಿಂದಲೇ ಹುಟ್ಟುತ್ತದೆ.

ಅಂಗಡಿಯ ಪಟ್ಟಿಯಲ್ಲಿ ಶಾಫ್ಟಿನ ಉದ್ದ 30, 36, 42, 48, 54 ಇಂಚು ಎಂದು ಬರೆದಿರುತ್ತದೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಮಲ್ಪೆ, ಹೊನ್ನಾವರ, ಕಾರವಾರದ ನಾಡದೋಣಿಗಳ ಹಿಂದೆ ತೂಗುವ ಔಟ್‌ಬೋರ್ಡ್ ಎಂಜಿನ್‌ಗೂ ಶಾಫ್ಟಿನ ಅಳತೆ ಉಂಟು: ಗಿಡ್ಡದ್ದು 15 ಇಂಚು, ಉದ್ದದ್ದು 20 ಇಂಚು, ಇನ್ನೂ ಉದ್ದದ್ದು 25 ಇಂಚು. ಕರಾವಳಿಯ ನೆಂಟನೊಬ್ಬ ‘ನಮ್ಮ ದೋಣಿಗೆ 20 ಇಂಚಿನ ಶಾಫ್ಟು ಸಾಕು’ ಎಂದದ್ದನ್ನು ಕೇಳಿ ಬ್ಯಾಟರಿ ಮೋಟಾರಿನಲ್ಲೂ ಹತ್ತಿರದ ಅಂಕಿ ಹುಡುಕುವುದು ತಪ್ಪು. ಔಟ್‌ಬೋರ್ಡಿನಲ್ಲಿ ಅಳೆಯುವುದು ಹಲಗೆಯ ಮೇಲೆ ಕೂರುವ ಕೊಕ್ಕೆಯಿಂದ ಫ್ಯಾನಿನ ಮೇಲಿರುವ ಚಪ್ಪಟೆ ತಗಡಿನವರೆಗೆ ಮಾತ್ರ. ಆ ತಗಡೇ ಗಾಳಿಯನ್ನು ಕೆಳಗೆ ಬಿಡದೆ ತಡೆಯುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ ಇದ್ದರೆ ಸರಿ. ಬ್ಯಾಟರಿ ಮೋಟಾರಿಗೆ ಅಂಥ ತಗಡಿಲ್ಲ. ಅದರ ಅಳತೆ ಮೇಲಿನ ತಲೆಯ ಬುಡದಿಂದ ಕೆಳಗಿನ ಮೋಟಾರಿನವರೆಗಿನ ಇಡೀ ಕೊಳವೆಯದು. ಹಲಗೆಯ ಮೇಲೆ ನಿಲ್ಲುವ ತುಂಡೂ ಆ ಲೆಕ್ಕದಲ್ಲೇ ಸೇರಿರುತ್ತದೆ. ಎರಡೂ ಬೇರೆ ಬೇರೆ ಲೆಕ್ಕ, ಒಂದರ ಅಂಕಿ ಇನ್ನೊಂದಕ್ಕೆ ನಡೆಯದು.

ಈಗ ಅಳೆಯುವ ಬಗೆ. ಮೋಟಾರನ್ನು ಯಾವ ಹಲಗೆಗೆ ಕಚ್ಚಿಸುತ್ತೀರೋ ಅದರ ಮೇಲಂಚಿನಿಂದ ನೀರಿನ ಮೇಲ್ಮೈವರೆಗೆ ನೇರವಾಗಿ ಟೇಪು ಇಳಿಬಿಡಿ. ಆ ಅಳತೆಗೆ 20 ಇಂಚು ಕೂಡಿಸಿ. ಬಂದದ್ದು ನಿಮ್ಮ ಶಾಫ್ಟಿನ ಉದ್ದ. ಈ 20 ಎಲ್ಲಿಂದ ಬಂತು? ಕ್ಲಾಂಪಿನ ಮೇಲೆ ತಲೆಯ ಬುಡದವರೆಗೆ ಉಳಿಯುವ ತುಂಡು 5–6 ಇಂಚು. ನೀರಿನಿಂದ ಫ್ಯಾನಿನ ಮೇಲ್ತುದಿಗೆ ಒಂದು ಗೇಣು, 9 ಇಂಚು. ಫ್ಯಾನಿನ ಮೇಲ್ತುದಿಯಿಂದ ಅದರ ನಡುವಿಗೆ ಸುಮಾರು 5 ಇಂಚು. ಕೂಡಿಸಿದರೆ ಹತ್ತಿರ ಹತ್ತಿರ 20. ಹಲಗೆಯಿಂದ ನೀರಿಗೆ 10 ಇಂಚಿದ್ದರೆ 30ರ ಶಾಫ್ಟು, 16 ಇಂಚಿದ್ದರೆ 36ರದು, 22 ಇಂಚಿದ್ದರೆ 42ರದು. ನಡುವಿನ ಅಂಕಿ ಬಂದರೆ ಮೇಲಿನದನ್ನೇ ಹಿಡಿಯಿರಿ. ಉದ್ದ ಹೆಚ್ಚಾದರೆ ಕ್ಲಾಂಪಿನಲ್ಲಿ ಮೇಲೆತ್ತಿ ಬಿಗಿಯಬಹುದು, ಕಡಿಮೆಯಾದದ್ದನ್ನು ಎಳೆದು ಬೆಳೆಸಲು ಆಗದು.

ಆದರೆ ಅಳೆಯುವುದು ಯಾವಾಗ ಎಂಬುದು ಎಲ್ಲಿ ಅಳೆಯಬೇಕು ಎಂಬುದಕ್ಕಿಂತ ಹೆಚ್ಚಿನ ಮಾತು. ದಂಡೆಯ ಮೇಲೆ ಬೋರಲು ಹಾಕಿದ ದೋಣಿಯನ್ನು ಅಳೆದು ಪ್ರಯೋಜನವಿಲ್ಲ. ಖಾಲಿ ದೋಣಿಯನ್ನು ನೀರಿಗೆ ತಳ್ಳಿ ಅಳೆದರೂ ಸಾಲದು. ಲೆಕ್ಕ ಹಾಕಿ ನೋಡಿ. 3 ಮೀಟರ್ ಉದ್ದ, 1.2 ಮೀಟರ್ ಅಗಲದ ಚಪ್ಪಟೆ ತಳದ ದೋಣಿಗೆ ನೀರಿನ ಮೇಲಿನ ಹರವು 3.6 ಚದರ ಮೀಟರ್. 70 ಕಿಲೋ ತೂಕದ ಒಬ್ಬ ಮನುಷ್ಯ ನಟ್ಟನಡುವೆ ಕೂತರೆ ಅದು ಸುಮಾರು 2 ಸೆಂಟಿಮೀಟರ್ ಇಳಿಯುತ್ತದೆ. ಅಷ್ಟೇ ತಾನೆ ಎನ್ನಬೇಡಿ. ಅವನು ಕೂರುವುದು ನಡುವೆ ಅಲ್ಲ, ಮೋಟಾರಿನ ಹಿಡಿ ಹಿಡಿದು ಹಿಂದಿನ ತುದಿಯಲ್ಲಿ. ಅವನ ಕಾಲ ಬಳಿಯೇ 25–30 ಕಿಲೋ ತೂಗುವ 100 ಆಂಪಿಯರ್ ಅವರ್ ಬ್ಯಾಟರಿ. ಹಿಂದುಗಡೆ ಒಂದೇ ಏಟಿಗೆ ಕೆಲವು ಇಂಚು ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಮೋಟಾರು ಹಿಂದಿದ್ದರೆ ಫ್ಯಾನು ಇನ್ನೂ ಕೆಳಗಿಳಿಯಿತು, ಮುಂದಿದ್ದರೆ ನೀರು ಬಿಟ್ಟು ಮೇಲೆ ಬಂತು. ಎರಡು ಕಡೆಯ ಅಳತೆಯೂ ಕೆಟ್ಟಿತು.

ಅದಕ್ಕೇ ನನ್ನ ಸಲಹೆ ಎರಡು ಅಳತೆ ತೆಗೆದುಕೊಳ್ಳಿ ಎಂದು. ಮೊದಲನೆಯದು ಬೆಳಿಗ್ಗೆ ಹೊರಡುವಾಗಿನದು: ಒಬ್ಬನೇ ಮನುಷ್ಯ, ಬ್ಯಾಟರಿ, ಒಣಗಿದ ಬಲೆ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ದೋಣಿ ಹಗುರ, ಹಲಗೆ ಎತ್ತರ, ಫ್ಯಾನು ಮೇಲ್ಮೈಗೆ ಹತ್ತಿರ. ಶಾಫ್ಟಿನ ಉದ್ದ ತೀರ್ಮಾನವಾಗಬೇಕಾದದ್ದು ಈ ಅಳತೆಯಿಂದ. ಎರಡನೆಯದು ಮರಳುವಾಗಿನದು: ನೀರು ಕುಡಿದ ಬಲೆ, ಮೀನಿನ ಬುಟ್ಟಿಗಳು, ಜೊತೆಗೊಬ್ಬ ಆಳು. ದೋಣಿ ಇಳಿದಿದೆ, ಫ್ಯಾನು ತಳಕ್ಕೆ ಹತ್ತಿರ. ಎಷ್ಟು ಆಳದ ನೀರಿನಲ್ಲಿ ತಳ ತಾಗದೆ ಬರಬಹುದು ಎಂಬುದನ್ನು ಇದು ಹೇಳುತ್ತದೆ.

ಈ ಎರಡನೆಯ ಅಳತೆ ಅಮೆರಿಕದ ಆಳವಾದ ಸರೋವರಗಳಲ್ಲಿ ಅಷ್ಟು ಮುಖ್ಯವಲ್ಲದಿರಬಹುದು. ನಮ್ಮಲ್ಲಿ ಹಾಗಲ್ಲ. ಮೇಲೆ ಅಣೆಕಟ್ಟು ಬಂದ ಮೇಲೆ ಕೊಣ್ಣೂರು, ಹೊಳೆಆಲೂರಿನ ಬಳಿಯ ಮಲಪ್ರಭೆ ವರ್ಷದ ಹೆಚ್ಚು ದಿನ ತೆಳ್ಳಗೆ ಹರಿಯುತ್ತದೆ. ಒಂದೆಡೆ ಎದೆಮಟ್ಟದ ಮಡು, ಹತ್ತು ಹೆಜ್ಜೆ ಮುಂದೆ ಮೊಣಕಾಲುದ್ದದ ನೀರು, ಅದರಾಚೆ ಮರಳು ತೆಗೆದ ಗುಂಡಿ. ಲೆಕ್ಕ ನೋಡಿ: ಫ್ಯಾನಿನ ಮೇಲ್ತುದಿ 9 ಇಂಚು ಕೆಳಗೆ, ಫ್ಯಾನಿನ ಅಡ್ಡಳತೆ ಸುಮಾರು 10 ಇಂಚು, ಅದರಡಿಯಲ್ಲಿ ಮೋಟಾರನ್ನು ಕಾಯುವ ಸಣ್ಣ ರೆಕ್ಕೆ. ಒಟ್ಟು 20 ಇಂಚು. ಎರಡು ಅಡಿ ನೀರಿದ್ದರೂ ತಳಕ್ಕೆ ಉಳಿಯುವುದು 4 ಇಂಚು ಮಾತ್ರ. ಮರಳಾದರೆ ಎಲೆಯ ಅಂಚು ಸವೆದೀತು. ಎರೆಮಣ್ಣಿನ ರಾಡಿಯಾದರೆ ಅಂಟಿನಂತೆ ಹಿಡಿದುಕೊಳ್ಳುತ್ತದೆ. ನೀರಿನೊಳಗೆ ಕಲ್ಲೋ ಜಾಲಿಯ ಬೊಡ್ಡೆಯೋ ಇದ್ದರೆ ಎಲೆ ಮುರಿಯುತ್ತದೆ, ಶಾಫ್ಟು ಬಾಗುತ್ತದೆ.

ಆಳ ಕಡಿಮೆಯಿರುವಲ್ಲಿ ಮಾಡಬೇಕಾದದ್ದು ಇಷ್ಟು. ಶಾಫ್ಟಿನ ಮೇಲೆ ಬಿಗಿಯುವ ಕಾಲರನ್ನು ಸಡಿಲಿಸಿ ಫ್ಯಾನನ್ನು 4–5 ಇಂಚು ಮೇಲೆತ್ತಿ ಮತ್ತೆ ಬಿಗಿಯಿರಿ, ವೇಗವನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ. ಮೆಲ್ಲಗೆ ತಿರುಗುವ ಫ್ಯಾನಿನ ಎಳೆತ ಕಡಿಮೆ, ಆದ್ದರಿಂದ ಗಾಳಿಯನ್ನೂ ಅದು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಒಂದು ಗೇಣಿನ ಕಟ್ಟಳೆ ಪೂರ್ಣ ವೇಗಕ್ಕೆ ಹೇಳಿದ್ದು, ಮೆಲುನಡೆಗೆ ಅರ್ಧ ಗೇಣು ನಡೆಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ಮಾತ್ರ ಮೋಟಾರನ್ನು ಮಡಿಸಿ ದೋಣಿಯೊಳಗೆ ಹಾಕಿ ಜಲ್ಲೆ ಊರುವುದೇ ಸರಿ. ಜಲ್ಲೆ ಮಾಡುವ ಕೆಲಸವನ್ನು ಯಾವ ಮೋಟಾರೂ ಅಲ್ಲಿ ಮಾಡಲಾರದು.

ತೀರ ಉದ್ದದ ಶಾಫ್ಟು ಕೊಂಡವರಿಗೆ ಇಲ್ಲೇ ಇನ್ನೊಂದು ತೊಡಕು. 30 ಇಂಚು ಸಾಕಾಗುವ ದೋಣಿಗೆ 42 ಇಂಚಿನದು ತಂದರೆ ಹೆಚ್ಚಿನ 12 ಇಂಚನ್ನು ಮೇಲೆ ಎಳೆದುಕೊಳ್ಳಬೇಕು. ಆಗ ಮೋಟಾರಿನ ತಲೆ ಹಲಗೆಯ ಮೇಲೆ ಒಂದೂವರೆ ಅಡಿ ಎದ್ದು ನಿಲ್ಲುತ್ತದೆ. ಕೂತವನ ಮುಖದ ಮಟ್ಟಕ್ಕೆ ಹಿಡಿ ಬರುತ್ತದೆ, ಕೈ ಎತ್ತಿ ಹಿಡಿದೇ ನಡೆಸಬೇಕು, ಬಲೆ ಎಳೆಯುವಾಗ ಹಗ್ಗ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಮೇಲೆತ್ತಿ ಮಡಿಸಿದಾಗ ಸಣ್ಣ ದೋಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದ್ದರಿಂದ ‘ಉದ್ದದ್ದೇ ಇರಲಿ, ಎಲ್ಲದಕ್ಕೂ ಆಗುತ್ತದೆ’ ಎಂಬ ಅಂಗಡಿಯ ಮಾತನ್ನು ಒಂದು ಅಳತೆಯ ಮಟ್ಟಿಗೆ ಮಾತ್ರ ಒಪ್ಪಬಹುದು, ಅದಕ್ಕಿಂತ ಆಚೆಗಲ್ಲ.

ಜಲಾಶಯದ ಹಿನ್ನೀರಿನಲ್ಲಿ ಬಲೆ ಬಿಡುವವರ ಲೆಕ್ಕ ಬೇರೆ. ಅಲ್ಲಿ ಆಳಕ್ಕೆ ಕೊರತೆಯಿಲ್ಲ, ಗಾಳಿಯದೇ ಚಿಂತೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ನೋಡಿದವರಿಗೆ ಈ ಸೀಮೆಯ ಮುಂಗಾರು ಗಾಳಿಯ ಬಲವನ್ನು ಬೇರೆ ಹೇಳಬೇಕಿಲ್ಲ. ಗಿಡಮರಗಳ ತಡೆಯಿಲ್ಲದ ಅಗಲ ನೀರಿನ ಮೇಲೆ ಆ ಗಾಳಿ ಹೆಚ್ಚು ದೂರ ಓಡಿದಷ್ಟೂ ತೆರೆ ದೊಡ್ಡದಾಗುತ್ತದೆ. ತೆರೆಯ ಮೇಲೆ ದೋಣಿಯ ಮೂತಿ ಎದ್ದಾಗ ಮುಂದೆ ಕಟ್ಟಿದ ಮೋಟಾರೂ ಅದರ ಜೊತೆಗೇ ಏಳುತ್ತದೆ. ಒಂದು ಗೇಣಿನ ನೀರು ಒಂದೇ ತೆರೆಗೆ ಮಾಯವಾಗುತ್ತದೆ. ದೋಣಿ ಗಾಳಿಯನ್ನು ಎದುರಿಸಲು ಒತ್ತು ಬೇಕಾದ ಆ ಗಳಿಗೆಯಲ್ಲೇ ಫ್ಯಾನು ಬಯಲಿನಲ್ಲಿ ತಿರುಗುತ್ತಿರುತ್ತದೆ. ಆದ್ದರಿಂದ ಅಗಲ ನೀರಿಗೆ, ಅದರಲ್ಲೂ ಮುಂದೆ ಕಟ್ಟುವ ಮೋಟಾರಿಗೆ, ಲೆಕ್ಕದ ಮೇಲೆ ಇನ್ನೊಂದು 5 ಇಂಚು ಕೂಡಿಸಬೇಕು. ಹಲಗೆಯಿಂದ ನೀರಿಗೆ 16 ಇಂಚಾದರೆ 36 ಬೇಡ, 42 ಇರಲಿ.

ಇಲ್ಲಿಯವರೆಗೆ ಹೇಳಿದ್ದು ಹಿಂದೆ ಮುಂದೆ ಎಂಬುದಿರುವ ದೋಣಿಗೆ. ನಮ್ಮ ಹರಿಗೋಲು ದುಂಡಗಿದೆ. ಬಿದಿರು ಹೆಣೆದು ಒಂದು ಕಾಲಕ್ಕೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಡಾಂಬರು ಬಳಿದ ಹೊದಿಕೆ ಬಂತು, ಈಗ ಮೀನುಗಾರಿಕೆ ಇಲಾಖೆ ಸಹಾಯಧನದಲ್ಲಿ ಕೊಡುವ ಫೈಬರ್ ಗ್ಲಾಸಿನದೂ ಇದೆ. ಯಾವುದಾದರೂ ಆಗಲಿ, ಅದಕ್ಕೆ ಹಿಂದಿನ ಹಲಗೆ ಎಂಬುದೇ ಇಲ್ಲ, ತಳದಲ್ಲಿ ಏಣೂ ಇಲ್ಲ. ಅದಕ್ಕೇ ಅದು ತೆಳು ನೀರಿನಲ್ಲೂ ತೇಲುತ್ತದೆ, ಅದಕ್ಕೇ ತಿರುಗಾಣಿಯೂ ಆಗುತ್ತದೆ. ನುರಿತ ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ, ಹರಿಗೋಲು ಹುಟ್ಟಿನ ಕಡೆಗೆ ಸಾಗುತ್ತದೆ. ಮೋಟಾರನ್ನೂ ಹಾಗೆಯೇ ಮುಂದೆ ಕಟ್ಟಿ, ಎದುರಿಗೆ ಕೂತು ಹಿಡಿ ಹಿಡಿದು, ಹೋಗಬೇಕಾದ ಕಡೆಗೆ ಎಳೆಸಿಕೊಳ್ಳುವುದು ಮೇಲು. ಹಿಂದೆ ಕಟ್ಟಿ ತಳ್ಳಿಸಿದರೆ ಕೈ ಸ್ವಲ್ಪ ತಪ್ಪಿದರೂ ಹರಿಗೋಲು ಗಿರ್ರನೆ ತಿರುಗುತ್ತದೆ.

ಹರಿಗೋಲಿಗೆ ಉದ್ದದ ಶಾಫ್ಟು ಅಪಾಯ ಎನ್ನಲು ಕಾರಣವಿದೆ. 55 ಪೌಂಡ್ ಒತ್ತಿನ ಮೋಟಾರೆಂದರೆ 25 ಕಿಲೋ ಭಾರದಷ್ಟು ಎಳೆತ. ಆ ಎಳೆತ ಬೀಳುವುದು ಕ್ಲಾಂಪಿನಿಂದ ಎರಡೂವರೆ ಅಡಿ ಕೆಳಗೆ. ಶಾಫ್ಟು ಹಾರೆಗೋಲಿನ ಕೆಲಸ ಮಾಡಿ ಕ್ಲಾಂಪನ್ನು ತಿರುಚುತ್ತದೆ. ಉದ್ದ ಹೆಚ್ಚಿದಷ್ಟೂ ತಿರುಚುವ ಬಲ ಹೆಚ್ಚು. ಬಿದಿರಿನ ಅಂಚು ಇದನ್ನು ತಾಳದು, ಫೈಬರಿನ ತೆಳ್ಳನೆಯ ಅಂಚೂ ಸೀಳೀತು. ಅಂಚಿನಿಂದ ಅಂಚಿಗೆ ಗಟ್ಟಿ ಮರದ ಅಡ್ಡ ಫಳಿಯೊಂದನ್ನು ಹಾಯಿಸಿ, ಎರಡು ಕಡೆಯೂ ಹಗ್ಗದಿಂದ ಬಿಗಿದು, ಫಳಿಯ ಮೇಲೆ ಕ್ಲಾಂಪು ಕಚ್ಚಿಸಬೇಕು. ಆ ಫಳಿಯ ಮೇಲಂಚಿನಿಂದಲೇ ನೀರಿಗೆ ಅಳತೆ. ಅಂಚಿನಿಂದ ಅಳೆದರೆ ಫಳಿಯ ದಪ್ಪದಷ್ಟು ತಪ್ಪುತ್ತದೆ. ಒತ್ತು 30 ಪೌಂಡಿನ ಆಸುಪಾಸು ಇರಲಿ. ಹರಿಗೋಲಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ, ಹೆಚ್ಚಿದ್ದರೆ ಬ್ಯಾಟರಿಯೂ ಬೇಗ ಬರಿದು. 55 ಪೌಂಡಿನದು ಪೂರ್ಣ ವೇಗದಲ್ಲಿ 50 ಆಂಪಿಯರ್‌ನಷ್ಟು ಎಳೆಯುತ್ತದೆ. 100 ಆಂಪಿಯರ್ ಅವರ್ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು ಎಂಬುದನ್ನು ಹಿಡಿದರೆ ಒಂದು ತಾಸಿನ ಓಟ. ದಂಡೆ ಇನ್ನೂ ದೂರವಿರುವಾಗ ಆ ತಾಸು ಮುಗಿಯಬಾರದು. ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗುವವರಿಗೆ ನಾನು ಮೋಟಾರು ಕೊಳ್ಳಿ ಎಂದು ಹೇಳಲಾರೆ.

ಗಿಡ್ಡದ್ದನ್ನು ತಂದು ಪೇಚಾಡುವವರಿಗೆ ದಾರಿಯಿಲ್ಲದಿಲ್ಲ. ಹಲಗೆಯನ್ನು ಕೊರೆದು ತಗ್ಗು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದನ್ನು ಮಾತ್ರ ಮಾಡಬೇಡಿ. ಆ ತಗ್ಗಿನಿಂದಲೇ ತೆರೆಯ ನೀರು ಒಳಗೆ ಬರುತ್ತದೆ. ಹಿಂದಿನ ಹಲಗೆಯ ಹೊರಮೈಗೆ ಬೋಲ್ಟು ಹಾಕಿ ಇನ್ನೊಂದು ದಪ್ಪ ಫಳಿಯನ್ನು ಕೆಳಮಟ್ಟದಲ್ಲಿ ನಿಲ್ಲಿಸಿ, ಮೋಟಾರನ್ನು ಅದಕ್ಕೆ ಕಚ್ಚಿಸಿದರೆ 4–5 ಇಂಚು ಸಿಗುತ್ತದೆ. ಊರಿನ ಬಡಿಗೇರರೇ ಮಾಡಿಕೊಡಬಲ್ಲ ಕೆಲಸ ಅದು. ಬೋಲ್ಟಿನ ತೂತಿಗೆ ರಬ್ಬರ್ ವಾಷರ್ ಮರೆಯಬಾರದು. ಭಾರವನ್ನು ಮೋಟಾರಿನ ಕಡೆಗೆ ಸರಿಸಿ ಆ ತುದಿಯನ್ನು ಇಳಿಸುವುದು ಇನ್ನೊಂದು ದಾರಿ, ಆದರೆ ಒಂದೆರಡು ಇಂಚಿಗಿಂತ ಹೆಚ್ಚು ಅದರಿಂದ ಕೇಳಬಾರದು. ಉದ್ದವಾದದ್ದನ್ನು ಗರಗಸದಿಂದ ಕೊಯ್ಯುವ ಯೋಚನೆಯೂ ಬೇಡ. ಒಳಗಿನ ತಂತಿ, ತಲೆಯ ಜೋಡಣೆ ಎಲ್ಲ ಬಿಚ್ಚಬೇಕಾಗುತ್ತದೆ, ಗ್ಯಾರಂಟಿ ಅಲ್ಲಿಗೆ ಮುಗಿಯುತ್ತದೆ.

ಮೋಟಾರು ಕಟ್ಟಿದ ದಿನ ದಂಡೆಯ ಹತ್ತಿರದ ಮಡುವಿನಲ್ಲಿ ಒಮ್ಮೆ ಪರೀಕ್ಷಿಸಿ. ಪೂರ್ಣ ವೇಗಕ್ಕೆ ಏರಿಸಿ, ಸುಳಿಯಾಗಲಿ ನೊರೆಯಾಗಲಿ ಏಳದೆ ಒಂದೇ ಸದ್ದಿನಲ್ಲಿ ಓಡುವವರೆಗೆ ಶಾಫ್ಟನ್ನು ಇಂಚಿಂಚೇ ಇಳಿಸಿ. ಸರಿಹೋದ ಮಟ್ಟಕ್ಕೆ ಕಾಲರಿನ ಬಳಿ ಶಾಫ್ಟಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ತೆಳು ನೀರಿನ ಮಟ್ಟಕ್ಕೆ ಇನ್ನೊಂದು ಗೆರೆ, ಬೇರೆ ಬಣ್ಣದಲ್ಲಿ. ಕತ್ತಲಿರುವಾಗಲೇ ಹೊಳೆಗೆ ಇಳಿಯುವವರಿಗೆ ಟಾರ್ಚಿನ ಬೆಳಕಿನಲ್ಲಿ ಇವೆರಡು ಗೆರೆ ಸಾಕು. ಮನೆಗೆ ಬಂದ ಮೇಲೆ ಫ್ಯಾನನ್ನು ಬಿಚ್ಚಿ ಅದರ ಹಿಂದೆ ಸುತ್ತಿಕೊಂಡ ನೈಲಾನ್ ಎಳೆಯನ್ನು ತೆಗೆಯಿರಿ. ಹಳೆಯ ಬಲೆಯ ತುಂಡುಗಳು ಹೊಳೆಯಲ್ಲಿ ಬೇಕಾದಷ್ಟಿವೆ. ಆ ಎಳೆ ಮೋಟಾರಿನ ಸೀಲನ್ನು ಕೊಯ್ದು ನೀರನ್ನು ಒಳಗೆ ಬಿಡುತ್ತದೆ.

ಮೀನುಗಾರರಿಗಷ್ಟೇ ಇದು ಬೇಕಾದ ಲೆಕ್ಕವಲ್ಲ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಬಿಟ್ಟ ನೀರು ಮತ್ತು ಹಳ್ಳಗಳ ನೀರು ಸೇರಿ ಮಲಪ್ರಭೆ ಉಕ್ಕಿದಾಗ ಲಖಮಾಪುರ, ಕೊಣ್ಣೂರು, ಹೊಳೆಆಲೂರಿನ ಬೀದಿಗಳಲ್ಲಿ ನೀರು ನಿಂತದ್ದನ್ನು ಈ ಭಾಗದ ಜನ ಮರೆತಿಲ್ಲ. ಊರೊಳಗೆ ನುಗ್ಗಿದ ನೆರೆಯಲ್ಲಿ ದೋಣಿ ನಡೆಸುವುದು ಹೊಳೆಯಲ್ಲಿ ನಡೆಸಿದಂತಲ್ಲ. ನೀರಿನಡಿ ಬೇಲಿಯ ತಂತಿ ಇರುತ್ತದೆ, ಕಟ್ಟೆ ಇರುತ್ತದೆ, ಹೊಲದಲ್ಲಿ ನಿಂತ ಬೆಳೆ ಇರುತ್ತದೆ. ಒಂದು ಓಣಿಯಲ್ಲಿ ಆಳುದ್ದ, ಇನ್ನೊಂದರಲ್ಲಿ ಸೊಂಟದುದ್ದ. ದೋಣಿಗೆ ತಕ್ಕುದಲ್ಲದ ಶಾಫ್ಟು ಅಲ್ಲಿ ಎರಡು ರೀತಿಯಲ್ಲೂ ಕೈಕೊಡುತ್ತದೆ: ಗಿಡ್ಡವಾದರೆ ಸೆಳವಿನಲ್ಲಿ ಗಾಳಿ ಎಳೆದು ಒತ್ತು ಬಿಡುತ್ತದೆ, ಉದ್ದವಾದರೆ ಬೇಲಿಗೆ ಸಿಕ್ಕಿ ದೋಣಿಯನ್ನು ನಡುನೀರಿನಲ್ಲಿ ನಿಲ್ಲಿಸುತ್ತದೆ. ಗಾಳಿ ತುಂಬುವ ರಬ್ಬರ್ ದೋಣಿಗಳ ಹಿಂದಿನ ಹಲಗೆ ಸಾಮಾನ್ಯವಾಗಿ 15 ಇಲ್ಲವೇ 20 ಇಂಚಿನ ಎಂಜಿನ್‌ಗೆ ಹೊಂದುವಂತೆ ಬರುತ್ತದೆ. ಒಂದರ ಎಂಜಿನ್ ಇನ್ನೊಂದಕ್ಕೆ ಕಟ್ಟಿದರೆ ತೊಂದರೆ ಖಂಡಿತ.

ಹೊಳೆಯ ದಂಡೆಯ ಗ್ರಾಮ ಪಂಚಾಯಿತಿಗಳು, ತಾಲ್ಲೂಕು ಆಡಳಿತ, ಮೀನುಗಾರರ ಸಹಕಾರ ಸಂಘಗಳು ದೋಣಿಗೆ, ಮೋಟಾರಿಗೆ ಬೇಡಿಕೆ ಬರೆಯುವಾಗ ಅಶ್ವಶಕ್ತಿಯನ್ನೂ ದರವನ್ನೂ ಬರೆದು ಮುಗಿಸಬಾರದು. ಟೆಂಡರಿನ ಕಾಗದದಲ್ಲಿ ಇನ್ನೆರಡು ಸಾಲು ಸೇರಲಿ: ಹಲಗೆಯ ಎತ್ತರ ಎಷ್ಟು ಇಂಚು, ಅದಕ್ಕೆ ಒಪ್ಪುವ ಶಾಫ್ಟಿನ ಉದ್ದ ಎಷ್ಟು ಇಂಚು. ಇಲಾಖೆ ಕೊಡುವ ಪ್ರತಿ ಫೈಬರ್ ಹರಿಗೋಲಿನ ಒಳಮೈಗೆ, ಒಬ್ಬನೇ ಕೂತಾಗ ಅಂಚು ನೀರಿನಿಂದ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬ ಅಂಕಿಯನ್ನು ಬಣ್ಣದಲ್ಲಿ ಬರೆಸಿ ಕೊಡಲಿ. ತಯಾರಿಸುವವರಿಗೆ ಅದು ಒಂದು ಸಲ ಅಳೆದರೆ ತಿಳಿಯುವ ಅಂಕಿ. ಮೆಣಸಗಿಯ ದಂಡೆಯಲ್ಲಿ ಮೊಬೈಲ್ ಹಿಡಿದು ಮೋಟಾರು ಹುಡುಕುತ್ತಿರುವ ಹುಡುಗ ಅದಕ್ಕೆ ಫಳಿಯ ದಪ್ಪವನ್ನೂ 20 ಇಂಚನ್ನೂ ಕೂಡಿಸಿ ಸರಿಯಾದುದನ್ನೇ ತರಿಸಿಕೊಳ್ಳುತ್ತಾನೆ.